ಶಾಲೆಯ ದಾರಿಗೆ ಯಾವ ಎಂಜಿನ್?

ಕುಂಕಳ್ಳಿಯ ಕೈಗಾರಿಕಾ ವಸಾಹತಿನಲ್ಲಿ ಹದಿನೆಂಟು ವರ್ಷಗಳಿಂದ ದುಡಿಯುತ್ತಿರುವ ಗದಗ ಜಿಲ್ಲೆಯ ಕಕ್ಷಿದಾರರೊಬ್ಬರು ಕಳೆದ ಶನಿವಾರ ಪತ್ನಿ ಹಾಗೂ ಒಂಬತ್ತನೆಯ ತರಗತಿಯ ಮಗಳೊಡನೆ ನನ್ನ ಕಚೇರಿಗೆ ಬಂದಿದ್ದರು. ದಾವೆಯೇನೂ ಇರಲಿಲ್ಲ. ಕಾರು ಕೊಳ್ಳಬೇಕು, ಕೂಡಿಟ್ಟ ಹಣ ಐದು ಲಕ್ಷ ರೂಪಾಯಿ. ಮಗಳ ಮುಂದಿನ ಓದಿಗೂ ಅದೇ ಗಂಟಿನಿಂದ ತೆಗೆಯಬೇಕು. ಪತ್ನಿಯ ತಮ್ಮ ತನ್ನ ಒಂಬತ್ತು ವರ್ಷ ಹಳೆಯ ಡೀಸೆಲ್ ಕಾರನ್ನು ಅಗ್ಗಕ್ಕೆ ಕೊಡಲು ಸಿದ್ಧನಿದ್ದಾನೆ. ಮಡಗಾಂವದ ಮಳಿಗೆಯವರು ಹೈಬ್ರಿಡ್ಡನ್ನೇ ಕೊಳ್ಳಿರೆಂದು ಒತ್ತಾಯಿಸಿದ್ದಾರೆ.

“ಡೀಸೆಲ್ ಗಾಡಿ ತಗೊಂಡ್ರ ರೊಕ್ಕ ಉಳಿತೈತಲ್ರಿ, ವಕೀಲ್ರ?” ಎಂಬುದು ಅವರ ಮೊದಲ ಪ್ರಶ್ನೆ.

ಈ ನಂಬಿಕೆ ಸುಳ್ಳಲ್ಲ, ಹಳೆಯದು. ಸರಕಾರವೇ ಡೀಸೆಲ್ಲಿನ ಬೆಲೆಯನ್ನು ಹಿಡಿದಿಟ್ಟಿದ್ದ ಕಾಲದಲ್ಲಿ ಹುಟ್ಟಿದ್ದು. 2014ರ ಅಕ್ಟೋಬರಿನಲ್ಲಿ ಆ ನಿಯಂತ್ರಣ ಹೋಯಿತು. ಎರಡು ಇಂಧನಗಳ ನಡುವಿನ ಅಂತರವೂ ಕಿರಿದಾಯಿತು. ಬೆಲೆ ಬದಲಾದರೂ ಮಾತು ಮಾತ್ರ ಬದಲಾಗಲಿಲ್ಲ.

ನಾನು ಮಗಳ ಕೈಗೆ ಕಾಗದ, ಪೆನ್ನು ಕೊಟ್ಟು, ಕಾರು ವರ್ಷಕ್ಕೆ ಎಷ್ಟು ಓಡುತ್ತದೆ ಎಂಬುದನ್ನು ಮೊದಲು ಬರೆಯಮ್ಮ ಎಂದೆ. ಶಾಲೆ, ಸಂತೆ ಸೇರಿ ದಿನಕ್ಕೆ 12 ಕಿಲೋಮೀಟರಿನಂತೆ ವರ್ಷಕ್ಕೆ 3,500. ವಾರಕ್ಕೊಮ್ಮೆ ಮಡಗಾಂವಕ್ಕೆ ಹೋಗಿಬರಲು 1,500. ಯುಗಾದಿ, ಜಾತ್ರೆ, ದೀಪಾವಳಿ, ಬೇಸಿಗೆ ರಜೆ ಎಂದು ನಾಲ್ಕು ಸಲ ಊರಿಗೆ, ಹೋಗಿಬರಲು ಸುಮಾರು 500ರಂತೆ 2,000. ಒಟ್ಟು 7,000. ತಂದೆಯ ಊಹೆ ಇಪ್ಪತ್ತು ಸಾವಿರದಷ್ಟಿತ್ತು! ನನ್ನ ಕಾರನ್ನು ಕೊಳ್ಳುವಾಗ ನನ್ನ ಊಹೆಯೂ ಅಷ್ಟೇ ಇತ್ತೆಂದು ಒಪ್ಪಿಕೊಳ್ಳುತ್ತೇನೆ.

ಲೆಕ್ಕಕ್ಕಾಗಿ ಪೆಟ್ರೋಲ್ ಲೀಟರಿಗೆ 97, ಡೀಸೆಲ್ 89 ರೂಪಾಯಿ ಎಂದಿಟ್ಟುಕೊಂಡೆವು. ಒಂದೇ ಗಾತ್ರದ ಹೊಸ ಕಾರುಗಳಲ್ಲಿ ಪೆಟ್ರೋಲಿನದು ಲೀಟರಿಗೆ 17 ಕಿಲೋಮೀಟರ್, ಡೀಸೆಲ್ಲಿನದು 21, ಹೈಬ್ರಿಡ್ 23 ಕೊಡುತ್ತವೆ ಎನ್ನೋಣ; ಕಂಪನಿಯ ಕಾಗದದಲ್ಲಿರುವ ಅಂಕಿ ನಮ್ಮ ರಸ್ತೆಯಲ್ಲಿ ಸಿಗದು. ಪೆಟ್ರೋಲ್ ಕಾರಿನ ವರ್ಷದ ಇಂಧನ ಸುಮಾರು 40,000 ರೂಪಾಯಿ. ಉಳಿದೆರಡರದೂ 30,000ದ ಆಸುಪಾಸು. ಉಳಿತಾಯ ಹತ್ತು ಸಾವಿರ. ಅದೇ ಮಾದರಿಯ ಡೀಸೆಲ್ ಕಾರಿಗೆ 1,20,000 ಹೆಚ್ಚು ತೆತ್ತರೆ ಆ ಹಣ ಮರಳಲು ಹನ್ನೆರಡು ವರ್ಷ ಬೇಕು. ಹೈಬ್ರಿಡ್ಡಿಗೆ ಮೂರು ಲಕ್ಷ ಹೆಚ್ಚು ತೆತ್ತರೆ ಸುಮಾರು ಮೂವತ್ತು ವರ್ಷ. ಅಷ್ಟರಲ್ಲಿ ಈ ಹುಡುಗಿಯ ಮಕ್ಕಳು ಶಾಲೆಗೆ ಹೋಗುತ್ತಿರುತ್ತಾರೆ. ದಾಬೋಳಿ ವಿಮಾನ ನಿಲ್ದಾಣಕ್ಕೆ ಬಾಡಿಗೆ ಓಡಿಸಿ ವರ್ಷಕ್ಕೆ 25,000 ಕಿಲೋಮೀಟರ್ ದಾಟುವವರಿಗಾದರೆ ಡೀಸೆಲ್ಲಿನ ಹೆಚ್ಚುವರಿ ಮೂರೂವರೆ ವರ್ಷದೊಳಗೆ ಹಿಂದಿರುಗುತ್ತದೆ.

ಹಣಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ನಿಯಮಕ್ಕಾಗಿ ಡೀಸೆಲ್ ಕಾರಿನ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಜರಡಿಯನ್ನು ಕೂಡಿಸಿದ್ದಾರೆ. ಡಿಪಿಎಫ್ ಎಂದು ಅದರ ಹೆಸರು. ಕೂಡಿದ ಮಸಿ ಸುಟ್ಟುಹೋಗಬೇಕಾದರೆ ಜರಡಿ ಚೆನ್ನಾಗಿ ಕಾಯಬೇಕು, ಅದಕ್ಕೆ ಹೆದ್ದಾರಿಯಲ್ಲಿ ಹದಿನೈದಿಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಬೇಕು. ಮನೆಯಿಂದ ಶಾಲೆಗೆ, ಶಾಲೆಯಿಂದ ಸಂತೆಗೆ ಓಡುವ ಕಾರು ಕಾಯುವುದರೊಳಗೆ ನಿಂತಿರುತ್ತದೆ. ಮಸಿ ತುಂಬಿ ಎಚ್ಚರಿಕೆಯ ದೀಪ ಹೊತ್ತಿಕೊಂಡ ಮೇಲೂ ಹಾಗೆಯೇ ಓಡಿಸಿದರೆ ಗ್ಯಾರೇಜಿನ ಬಿಲ್ಲು ಇಡೀ ವರ್ಷದ ಉಳಿತಾಯವನ್ನು ನುಂಗೀತು. ಕೊಳ್ಳಲೇಬೇಕೆಂದರೆ ಹದಿನೈದು ದಿನಕ್ಕೊಮ್ಮೆ ಕಾಣಕೋಣದವರೆಗೆ ಓಡಿಸಿ ತನ್ನಿ.

ಹೈಬ್ರಿಡ್ ಎಂಬ ಮಾತಿನಲ್ಲಿಯೂ ಎರಡು ಜಾತಿಗಳಿವೆ. ಪೂರ್ಣ ಹೈಬ್ರಿಡ್ ನಿಧಾನದ ಓಟದಲ್ಲಿ ಬ್ಯಾಟರಿಯಿಂದಲೇ ಚಲಿಸುತ್ತದೆ, ಬ್ರೇಕ್ ಒತ್ತಿದಾಗ ಶಕ್ತಿಯನ್ನು ಹಿಂದಕ್ಕೆ ಪಡೆಯುತ್ತದೆ; ಪೇಟೆಯ ದಟ್ಟಣೆಯಲ್ಲಿ ಅದರ ಗುಣ ಕಾಣುತ್ತದೆ, ಹೆದ್ದಾರಿಯಲ್ಲಿ ಕಡಿಮೆ. ‘ಮೈಲ್ಡ್’ ಹೈಬ್ರಿಡ್ ಎಂಬುದು ಎಂಜಿನ್ನಿಗೆ ಕೈಗೂಡಿಸುತ್ತದೆಯೇ ಹೊರತು ತಾನಾಗಿ ಕಾರನ್ನು ಎಳೆಯದು. ಮಳಿಗೆಯವರು ಹೊಗಳಿದ್ದು ಯಾವುದನ್ನೆಂದು ವಿಚಾರಿಸಿದರೆ, ತೋರಿಸಿದ್ದು ಮೈಲ್ಡ್, ಹೇಳಿದ ಮೈಲೇಜು ಪೂರ್ಣ ಹೈಬ್ರಿಡ್ಡಿನದು! ಜೊತೆಗೆ ತೆರಿಗೆ: 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿನೊಳಗಿನ, 1,200 ಸಿಸಿವರೆಗಿನ ಪೆಟ್ರೋಲ್ ಕಾರಿಗೆ ಜಿಎಸ್‌ಟಿ ಶೇ. 18, ಆ ಅಳತೆ ಮೀರಿದರೆ ಶೇ. 40. ಪೂರ್ಣ ಹೈಬ್ರಿಡ್‌ಗಳು ಬಹುತೇಕ ಎರಡನೆಯ ಸಾಲಿನವು.

ಇನ್ನು ಭಾವಮೈದುನನ ಕಾರು. ಅದು ಬಿಎಸ್-4, ಜರಡಿಯ ಕಾಟವಿಲ್ಲ. ಹತ್ತು ವರ್ಷವಾದ ಡೀಸೆಲ್ ಗಾಡಿಯನ್ನು ಸರಕಾರ ಗುಜರಿಗೆ ಹಾಕುತ್ತದಂತೆ ಎಂದು ಅವರು ಹೆದರಿದ್ದರು. 2018ರ ಸುಪ್ರೀಂ ಕೋರ್ಟಿನ ಆ ಆದೇಶ ದಿಲ್ಲಿ ಮತ್ತು ಸುತ್ತಣ ರಾಜಧಾನಿ ವಲಯಕ್ಕೆ ಸಂಬಂಧಿಸಿದ್ದು. ಗೋವೆಯಲ್ಲಿ ಕಾರಿನ ನೋಂದಣಿಗೆ ಹದಿನೈದು ವರ್ಷ, ಬಳಿಕ ತಪಾಸಣೆ ಮಾಡಿಸಿ ನವೀಕರಣ. ನನ್ನ ಆತಂಕ ಬೇರೆ. ಕೆಎ-26 ಫಲಕದ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇರಿಸಿಕೊಂಡರೆ ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನಂತೆ ಇಲ್ಲಿನ ಸಂಖ್ಯೆ ಪಡೆಯಬೇಕು, ಗದಗಿನ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ತರಬೇಕು, ಇಲ್ಲಿ ತೆರಿಗೆ ಕಟ್ಟಬೇಕು. “ಮನ್ಯಾಗಿನ ಗಾಡಿ, ಹೆಸರು ಆಮ್ಯಾಲ ಬದಲಿ ಮಾಡಿದ್ರಾತು” ಎಂದರು. ಬೇಡ. ಅಪಘಾತವಾದರೆ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರೆಂದು ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ಪರಿಹಾರದ ನೋಟೀಸು ಊರಿನಲ್ಲಿ ಕುಳಿತ ತಮ್ಮನಿಗೆ ಹೋಗುತ್ತದೆ. ಅಕ್ಕ ಅಲ್ಲಿಯೇ ತಲೆಯಾಡಿಸಿದರು.

ಕೊನೆಗೆ ಸಣ್ಣ ಪೆಟ್ರೋಲ್ ಕಾರೆಂದು ನಿಶ್ಚಯವಾಯಿತು. ಹಳೆಯದಾದರೆ 2023ರ ಏಪ್ರಿಲ್ ನಂತರ ತಯಾರಾದದ್ದನ್ನು ನೋಡಿರೆಂದೆ, ಈಗಿನ ಶೇ. 20 ಎಥನಾಲ್ ಬೆರೆತ ಪೆಟ್ರೋಲಿಗೆ ಹೊಂದುವಂತೆ ಮಾಡಿದವು ಅವು. ವಿದ್ಯುತ್ ಕಾರಿನ ಮಾತು ಬರಲೇ ಇಲ್ಲ. ಬಾಡಿಗೆ ಮನೆಗೆ ಚಾರ್ಜರ್ ಹಾಕಿಸಲು ಮಾಲೀಕರು ಒಪ್ಪಿಲ್ಲ.

ಏಳುವಾಗ ಹುಡುಗಿ ಕಾಗದವನ್ನು ಮತ್ತೆ ನನ್ನ ಮುಂದಿಟ್ಟಳು. ಪಿಯುಸಿಗೆ ಧಾರವಾಡಕ್ಕೆ ಹೋದರೆ ತಿಂಗಳಿಗೊಮ್ಮೆ ಕರೆತರಬೇಕಲ್ಲ, ಅದು ಲೆಕ್ಕಕ್ಕೆ ಬಂದಿಲ್ಲವೆಂದಳು. ಸೇರಿಸಿದೆವು: ವರ್ಷಕ್ಕೆ ಸುಮಾರು 11,000 ಕಿಲೋಮೀಟರ್. ಡೀಸೆಲ್ಲಿನ ಹೆಚ್ಚುವರಿ ಹಣ ಹನ್ನೆರಡರ ಬದಲು ಏಳೂವರೆ ವರ್ಷದಲ್ಲಿ ಮರಳುತ್ತದೆ. ತಂದೆ ಮತ್ತೆ ಕುರ್ಚಿಯ ಮೇಲೆ ಕುಳಿತರು.

“ಅಕಿ ಬಸ್ಸಿಗೆ ಬರ್ತಾಳ, ಏಳ್ರಿ,” ಎಂದರು ತಾಯಿ.