ಮಗುವಿರುವ ಮನೆಗೆ ಯಾವ ಉಡುಗೊರೆ?

ಮಗು ಹುಟ್ಟಿದ ಮನೆಗೆ ಬರಿಗೈಯಲ್ಲಿ ಹೋಗುವ ರೂಢಿ ನಮ್ಮಲ್ಲಿಲ್ಲ. ಅಕೀಕಾದ ದಿನ ಅಜ್ಜಿಯರು, ಚಿಕ್ಕಮ್ಮಂದಿರು, ನೆರೆಹೊರೆಯವರು ಏನಾದರೊಂದು ಹಿಡಿದುಕೊಂಡೇ ಬರುತ್ತಾರೆ. ಚಕ್ರದ ವಾಕರ್, ಬಣ್ಣಬಣ್ಣದ ಹಾಲಿನ ಬಾಟಲಿಗಳ ಸೆಟ್, ಹಿತ್ತಾಳೆಯ ಸುರ್ಮಾದಾನಿ, ಗುಂಡಿ ಒತ್ತಿದರೆ ಹಾಡುವ ಗೊಂಬೆ. ಕೊಟ್ಟವರ ಪ್ರೀತಿಯ ಬಗ್ಗೆ ಯಾರಿಗೂ ಸಂಶಯವಿಲ್ಲ. ಆದರೆ ಈ ನಾಲ್ಕರಲ್ಲಿ ಒಂದನ್ನೂ ಎಳೆಯ ಮಗುವಿಗೆ ಉಡುಗೊರೆಯಾಗಿ ತರಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅವುಗಳ ಬದಲಿಗೆ ತರಬಹುದಾದ, ನೋಡಲೂ ಚೆಂದ, ಬಳಸಲೂ ಅನುಕೂಲವಾದ ವಸ್ತುಗಳು ನಮ್ಮ ನಾಡಿನಲ್ಲೇ ಇವೆ.

ಯೂನಾನಿ ವೈದ್ಯಶಾಸ್ತ್ರದ ಮಹಾಗುರು ಇಬ್ನು ಸೀನಾ (980-1037) ತಮ್ಮ 'ಅಲ್ ಖಾನೂನ್' ಗ್ರಂಥದಲ್ಲಿ ಎಳೆಯ ಮಕ್ಕಳ ಆರೈಕೆಗೆ ಪ್ರತ್ಯೇಕ ಅಧ್ಯಾಯಗಳನ್ನೇ ಮೀಸಲಿಟ್ಟಿದ್ದಾರೆ. ಅಲ್ಲಿ ಔಷಧದ ಮಾತಿಗಿಂತ ಮನೆಯ ಮಾತೇ ಹೆಚ್ಚು. ಮಗು ತಾನಾಗಿ ಮನಸ್ಸು ಮಾಡುವ ಮೊದಲು ಅದನ್ನು ಬಲವಂತವಾಗಿ ಕೂರಿಸಬಾರದು, ನಡೆಸಬಾರದು ಎನ್ನುತ್ತಾರೆ. ಅದು ಅಂಬೆಗಾಲಿಡುವಾಗ ನೆಲದ ಒರಟು ತಾಗದಂತೆ ನಯವಾದ ಹಾಸು ಇರಬೇಕು, ಚೂಪಾದ ಕಟ್ಟಿಗೆ, ಚಾಕು ಇತ್ಯಾದಿಗಳನ್ನು ಅದರ ದಾರಿಯಿಂದ ತೆಗೆದಿಡಬೇಕು, ಎತ್ತರದಿಂದ ಜಾರದಂತೆ ಕಾಯಬೇಕು ಎಂದೂ ಸೂಚಿಸುತ್ತಾರೆ. ಸಾವಿರ ವರ್ಷ ಹಳೆಯ ಈ ಮಾತುಗಳನ್ನು ಇಂದಿನ ಮಕ್ಕಳ ತಜ್ಞರೂ ಅಲ್ಲಗಳೆಯುವುದಿಲ್ಲ.

ಇದನ್ನೇ ಇಂದಿನ ಮನೆಗೆ ಹೊಂದಿಸಿಕೊಂಡರೆ, ಯಾವುದೇ ವಸ್ತುವನ್ನು ಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು. ಒಂದು, ಇದನ್ನು ಸುಲಭವಾಗಿ ಶುಚಿ ಮಾಡಬಹುದೇ? ಎರಡು, ಇದು ಅಥವಾ ಇದರ ತುಂಡು ಮಗುವಿನ ಬಾಯಿಗೆ ಹೋದರೆ ಏನಾಗುತ್ತದೆ? ಮೂರು, ಮಗು ಇದನ್ನು ಹಿಡಿದೆಳೆದರೆ ಅಥವಾ ಹತ್ತಿದರೆ ಏನಾಗುತ್ತದೆ? ಬಣ್ಣ, ವಿನ್ಯಾಸ, ಬೆಲೆಯ ವಿಚಾರ ಆಮೇಲೆ.

ವಾಕರ್ ಬದಲು ಜಮಖಾನ

ವಾಕರ್‌ನಿಂದ ಮಗು ಬೇಗ ನಡೆಯುತ್ತದೆ ಎಂಬ ನಂಬಿಕೆ ಬಲವಾಗಿದೆ. ಅದು ನಿಜವಲ್ಲ. ತೆವಳುವುದು, ಉರುಳುವುದು, ಗೋಡೆ ಹಿಡಿದು ಏಳುವುದು, ಬೀಳುವುದು, ಇವೇ ಮಗುವಿನ ಕಾಲು ಮತ್ತು ಬೆನ್ನಿಗೆ ಬಲ ಕೊಡುವ ಕಸರತ್ತುಗಳು. ವಾಕರ್ ಅವನ್ನೇ ತಪ್ಪಿಸುತ್ತದೆ. ಅಷ್ಟೇ ಅಲ್ಲ, ಇನ್ನೂ ಕಾಲೂರದ ಮಗುವಿಗೆ ಚಕ್ರ ಕೊಟ್ಟರೆ ಅದು ಕ್ಷಣಾರ್ಧದಲ್ಲಿ ಮೆಟ್ಟಿಲ ಅಂಚಿಗೆ, ಒಲೆಯ ಬಳಿಗೆ, ನೀರಿನ ಬಕೆಟ್ಟಿನ ಬಳಿಗೆ ತಲುಪಿಬಿಡುತ್ತದೆ. ಕೆನಡಾ ದೇಶ 2004ರಲ್ಲೇ ವಾಕರ್‌ಗಳ ಮಾರಾಟ, ಆಮದು, ಜಾಹೀರಾತು ಎಲ್ಲವನ್ನೂ ನಿಷೇಧಿಸಿತು. ನಮ್ಮಲ್ಲಿ ಅದು ಇನ್ನೂ ಅಕ್ಕರೆಯ ಉಡುಗೊರೆ.

ಅದರ ಬದಲು ಒಂದು ಒಳ್ಳೆಯ ಜಮಖಾನ ಕೊಡಿ. ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನಗಳನ್ನು ನೋಡಿಲ್ಲದವರು ಒಮ್ಮೆ ನೋಡಬೇಕು. ಹತ್ತಿಯ ನೂಲು, ಗಾಢ ಬಣ್ಣ, ನವಿಲು ಮತ್ತು ರೇಖಾಗಣಿತದ ಚಿತ್ತಾರ. ಅವನ್ನು ಮನೆಯಲ್ಲೇ ಮಗ್ಗ ಹೂಡಿ ನೇಯುವವರು ಮುಸ್ಲಿಂ ಮಹಿಳೆಯರು. ಜಾನಮಾಜ್‌ಗಳನ್ನೂ ಅವರೇ ನೇಯುತ್ತಾರೆ. ಮಗು ಉರುಳಲು, ತೆವಳಲು ಇದಕ್ಕಿಂತ ಚೆಂದದ ಹಾಸು ಬೇರೆ ಬೇಕಿಲ್ಲ. ದಿನವೂ ಕೊಡವಿ, ವಾರಕ್ಕೊಮ್ಮೆ ಬಿಸಿಲಿಗೆ ಹಾಕಿ. ಮೇಲೊಂದು ಹಳೆಯ ಹತ್ತಿ ಬಟ್ಟೆ ಹಾಸಿದರೆ ಮಗು ಒದ್ದೆ ಮಾಡಿದಾಗ ಅದನ್ನಷ್ಟೇ ಒಗೆದರಾಯಿತು. ಟೈಲ್ಸ್ ನೆಲವಾದರೆ ಜಾರದಂತೆ ಅಡಿಗೆ ರಬ್ಬರ್ ಬಲೆ ಹಾಕಿ.

ಸುರ್ಮಾದಾನಿ ಕಪಾಟಿನಲ್ಲೇ ಇರಲಿ

ಈ ಮಾತನ್ನು ಯೂನಾನಿ ವೈದ್ಯನಾಗಿಯೇ ಹೇಳುತ್ತಿದ್ದೇನೆ. ನಮ್ಮ ಗ್ರಂಥಗಳಲ್ಲಿ ಇಸ್ಮಿದ್ ಎಂಬ ಅಂಜನಕ್ಕೆ ಗೌರವದ ಸ್ಥಾನವಿದೆ. ಆದರೆ ಇಂದು ಸುರ್ಮಾ ಎಂಬ ಹೆಸರಿನಲ್ಲಿ ಮಾರುವುದೆಲ್ಲ ಇಸ್ಮಿದ್ ಅಲ್ಲ. ಮಾರುಕಟ್ಟೆಯ ಅನೇಕ ಸುರ್ಮಾಗಳಲ್ಲಿ ಸೀಸದ ಅದಿರು, ಅಂದರೆ ಗೆಲೀನಾ, ಇರುವುದು ಹಲವು ದೇಶಗಳ ಪರೀಕ್ಷೆಗಳಲ್ಲಿ ಕಂಡುಬಂದಿದೆ. ಎರಡೂ ಕಪ್ಪಾಗಿ ಹೊಳೆಯುತ್ತವೆ. ನೋಡಿದ ಮಾತ್ರಕ್ಕೆ ವ್ಯತ್ಯಾಸ ತಿಳಿಯುವುದು ಸಾಧ್ಯವಿಲ್ಲ.

ಮಗು ಕಣ್ಣುಜ್ಜುತ್ತದೆ, ಅದೇ ಬೆರಳನ್ನು ಬಾಯಿಗಿಡುತ್ತದೆ. ಹೊಟ್ಟೆಗೆ ಹೋದ ಸೀಸವನ್ನು ದೊಡ್ಡವರ ದೇಹಕ್ಕಿಂತ ಮಕ್ಕಳ ದೇಹ ಹೆಚ್ಚು ಹೀರಿಕೊಳ್ಳುತ್ತದೆ. ಅದು ಬೆಳೆಯುತ್ತಿರುವ ಮೆದುಳಿಗೆ ಹಾನಿ ಮಾಡುತ್ತದೆ, ಆ ಹಾನಿ ಹಿಂದಿರುಗಿ ಸರಿಹೋಗುವಂಥದ್ದಲ್ಲ. ಸೀಸಕ್ಕೆ ಸುರಕ್ಷಿತ ಪ್ರಮಾಣ ಎಂಬುದೇ ತಿಳಿದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಣ್ಣು ದೊಡ್ಡದಾಗಲಿ ಎಂಬ ಆಸೆಗೆ ಬುದ್ಧಿ ಚಿಕ್ಕದಾಗುವ ಅಪಾಯವನ್ನು ಏಕೆ ತರಬೇಕು? ಅಜ್ಜಿಯ ಕಾಲದ ಸುರ್ಮಾದಾನಿಯನ್ನು ತಿಕ್ಕಿ, ಬೆಳಗಿಸಿ, ಷೋಕೇಸಿನಲ್ಲಿಡಿ. ಮಗುವಿನ ಕಣ್ಣಿಗೆ ಮಾತ್ರ ಏನನ್ನೂ ಹಚ್ಚಬೇಡಿ. ಈಗಾಗಲೇ ಬಹಳ ಕಾಲದಿಂದ ಹಚ್ಚುತ್ತಿದ್ದರೆ ರಕ್ತದಲ್ಲಿ ಸೀಸದ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ.

ಸೀಸಕ್ಕೆ ಇನ್ನೊಂದು ದಾರಿ ಹಳೆಯ ಬಣ್ಣ. ಮನೆಬಳಕೆಯ ಬಣ್ಣದಲ್ಲಿ ಸೀಸ ದಶಲಕ್ಷಕ್ಕೆ 90 ಭಾಗ ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರಲ್ಲಿ. ಅದಕ್ಕೂ ಹಿಂದೆ ಬಣ್ಣ ಬಳಿದ ತೊಟ್ಟಿಲು ಮನೆಯಲ್ಲಿದ್ದು, ಬಣ್ಣದ ಚಕ್ಕೆ ಏಳುತ್ತಿದ್ದರೆ ಅದರಲ್ಲಿ ಮಗುವನ್ನು ಮಲಗಿಸಬೇಡಿ.

ಬಾಟಲಿ ಬದಲು ಕಟೋರಿ

ಹಾಲಿನ ಬಾಟಲಿಯನ್ನು ಉತ್ತೇಜಿಸುವ ಜಾಹೀರಾತು ನಮ್ಮ ದೇಶದಲ್ಲಿ ಕಾನೂನಿಗೆ ವಿರುದ್ಧ. ಇದಕ್ಕೆಂದೇ 1992ರ ಕಾಯ್ದೆ ಇದೆ. ಕಾರಣ ಸರಳ. ಬಾಟಲಿಯ ರಬ್ಬರ್ ತೊಟ್ಟಿನ ಒಳಗೆ, ತಿರುಪಿನ ಸಂದಿಯಲ್ಲಿ ಹಾಲಿನ ಅಂಶ ಉಳಿಯುತ್ತದೆ. ಬೇಸಿಗೆಯಲ್ಲಿ ಅದು ಕೆಲವೇ ಗಂಟೆಗಳಲ್ಲಿ ರೋಗಾಣುಗಳ ಗೂಡಾಗುತ್ತದೆ. ನನ್ನ ದವಾಖಾನೆಗೆ ಭೇದಿಯೆಂದು ಬರುವ ಪುಟ್ಟ ಮಕ್ಕಳ ತಾಯಂದಿರಿಗೆ ನಾನು ಕೇಳುವ ಮೊದಲ ಪ್ರಶ್ನೆಯೇ ಬಾಟಲಿಯ ಬಗ್ಗೆ.

ಮೊದಲ ಆರು ತಿಂಗಳು ತಾಯಿ ಹಾಲು ಮಾತ್ರ. ಆಮೇಲೆ ಮೇಲೂಟದ ಜೊತೆಗೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ತಾಯಿ ಹಾಲು. ಪೂರ್ಣ ಎರಡು ವರ್ಷದ ಮಾತನ್ನು ಪವಿತ್ರ ಕುರ್‌ಆನ್ ಕೂಡ ಹೇಳಿರುವುದು ನಮಗೆಲ್ಲ ಗೊತ್ತು. ಯಾವುದೋ ಕಾರಣಕ್ಕೆ ಬೇರೆ ಹಾಲು ಕೊಡಲೇಬೇಕಾದರೆ, ವೈದ್ಯರ ಸಲಹೆಯಂತೆ ಪುಟ್ಟ ಸ್ಟೀಲ್ ಕಟೋರಿ ಮತ್ತು ಚಮಚದಲ್ಲಿ ಕೊಡಿ. ಸಂದಿಯಿಲ್ಲ, ಮೂಲೆಯಿಲ್ಲ, ತೊಳೆದು ಕುದಿಯುವ ನೀರಿನಲ್ಲಿ ಹಾಕಿದರೆ ಶುಚಿ. ಅಂಚು ಮಡಿಚಿದ ದಪ್ಪ ಸ್ಟೀಲ್ ತಟ್ಟೆ, ಕಟೋರಿ, ಎರಡು ಹಿಡಿಕೆಯ ಲೋಟ, ಇವಿಷ್ಟರ ಸೆಟ್‌ಗೆ ಮಗುವಿನ ಹೆಸರು ಕೊರೆಸಿ ಕೊಟ್ಟರೆ ಅದಕ್ಕಿಂತ ಅಂದದ ಉಡುಗೊರೆ ಯಾವುದು? ಈಗ ಫ್ಯಾಷನ್ ಆಗಿರುವ ತಾಮ್ರದ ಲೋಟ ಮಗುವಿಗೆ ಬೇಡ. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆಯಲ್ಲಿ ಹಾಲು, ಮಜ್ಜಿಗೆ, ನಿಂಬೆ ಶರಬತ್ತು ಇಟ್ಟರೆ ಲೋಹ ಕರಗಿ ಹೊಟ್ಟೆ ಕೆಡುತ್ತದೆ.

ಹಾಡುವ ಗೊಂಬೆ ಬದಲು ಚನ್ನಪಟ್ಟಣದ ಗೊಂಬೆ

ಹಾಡುವ, ಮಿನುಗುವ ಆಟಿಕೆಗಳಲ್ಲಿ ಅನೇಕವು ನಡೆಯುವುದು ಗುಂಡಿಯಾಕಾರದ ಸಣ್ಣ ಬ್ಯಾಟರಿಯಿಂದ. ಮಗು ಅದನ್ನು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯವಾಗಬಹುದು. ನುಂಗಿದ ಸಂಶಯ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ನೇರವಾಗಿ ದೊಡ್ಡ ಆಸ್ಪತ್ರೆಗೆ ಓಡಬೇಕು. ಬ್ಯಾಟರಿಯ ಮುಚ್ಚಳಕ್ಕೆ ತಿರುಪು ಇಲ್ಲದ ಯಾವ ಆಟಿಕೆಯನ್ನೂ ಮನೆಯೊಳಗೆ ಬಿಟ್ಟುಕೊಳ್ಳಬೇಡಿ. ರಿಮೋಟ್, ತೂಕದ ಯಂತ್ರಗಳಿಗೂ ಇದೇ ಮಾತು.

ಚನ್ನಪಟ್ಟಣದ ಮರದ ಆಟಿಕೆ ಇದಕ್ಕೆ ಸೊಗಸಾದ ಉತ್ತರ. ಟಿಪ್ಪು ಸುಲ್ತಾನರ ಕಾಲದಲ್ಲಿ ಪರ್ಷಿಯದ ಕುಶಲಕರ್ಮಿಗಳಿಂದ ಈ ಕಲೆ ಬಂತೆಂಬ ಮಾತಿದೆ. ಇಂದಿಗೂ ಅಲ್ಲಿನ ಅನೇಕ ಮುಸ್ಲಿಂ ಕುಟುಂಬಗಳ ಅನ್ನ ಇದೇ. ಹಾಲೆ ಮರವನ್ನು ಕಡೆಯುವಾಗಲೇ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿರುಗುವ ಬಿಸಿಗೆ ಅರಗು ಕರಗಿ ಬಣ್ಣ ಕೂರುತ್ತದೆ, ಆಮೇಲೆ ಎಲೆಯಿಂದ ಉಜ್ಜಿ ಹೊಳಪು ತರುತ್ತಾರೆ. ಅರಿಸಿನ, ನೀಲಿ ಮುಂತಾದ ಸಸ್ಯಮೂಲದ ಬಣ್ಣ ಬಳಸಿದವನ್ನೇ ಕೇಳಿ ಕೊಳ್ಳಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಶುಚಿ, ನೀರಿನಲ್ಲಿ ನೆನೆಹಾಕಬಾರದು.

2021ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ನೋಂದಾಯಿತ ಕರಕುಶಲಕರ್ಮಿಗಳ ಆಟಿಕೆಗಳಿಗೆ ವಿನಾಯಿತಿ ಇರುವುದರಿಂದ ಚನ್ನಪಟ್ಟಣದ ಆಟಿಕೆಯಲ್ಲಿ ಆ ಗುರುತು ಕಾಣದಿರಬಹುದು. ಹಾಗಾಗಿ ದಾರಿಬದಿಯ ನಕಲಿಗಿಂತ ಸರ್ಕಾರದ ಕಾವೇರಿ ಮಳಿಗೆ ಅಥವಾ ಪರಿಚಯದ ಕುಶಲಕರ್ಮಿಯಿಂದ ಕೊಳ್ಳುವುದು ಒಳ್ಳೆಯದು. ಮರದ್ದಾದರೂ ಗಾತ್ರ ನೋಡಿ. ನಿಮ್ಮ ಹೆಬ್ಬೆರಳು, ತೋರುಬೆರಳು ಸೇರಿಸಿ ಮಾಡಿದ ಉಂಗುರದೊಳಗೆ ದಾಟಿಹೋಗುವ ಯಾವ ವಸ್ತುವೂ ಮೂರು ವರ್ಷದೊಳಗಿನ ಮಗುವಿನ ಕೈಗೆ ಬೇಡ.

ನೀರು, ಬೆಂಕಿ, ಎತ್ತರ

ಉಡುಗೊರೆಯ ಮಾತು ಮುಗಿಯಿತು. ಮನೆಯಲ್ಲಿ ಈಗಾಗಲೇ ಇರುವ ವಸ್ತುಗಳನ್ನೂ ಅದೇ ಮೂರು ಪ್ರಶ್ನೆಗಳಿಂದ ನೋಡೋಣ.

ವುಝೂ ಮಾಡಲು ಬಕೆಟ್ ತುಂಬಿಡುವ ಅಭ್ಯಾಸ ಅನೇಕ ಮನೆಗಳಲ್ಲಿದೆ. ಎಳೆಯ ಮಗುವಿನ ತಲೆ ಭಾರ, ಇಣುಕಿದರೆ ಮುಗ್ಗರಿಸುತ್ತದೆ, ಮತ್ತೆ ಏಳಲಾರದು. ಕೆಲವೇ ಅಂಗುಲ ನೀರು ಸಾಕು ಅನಾಹುತಕ್ಕೆ. ಬಳಸಿದ ಬಕೆಟ್ ಖಾಲಿ ಮಾಡಿ ಬೋರಲು ಹಾಕಿ, ಬಚ್ಚಲಿನ ಬಾಗಿಲಿಗೆ ಮೇಲೆ ಚಿಲಕ ಹಾಕಿಸಿ. ನೀರಿಗೆ ಸೊಂಡಿಲಿನ ಪುಟ್ಟ ಲೋಟಾ, ಬೇಸಿನ್ ಮುಂದೆ ಅಗಲ ಬುಡದ ಮರದ ಮಣೆ, ಕೈಗೆಟಕುವಲ್ಲಿ ಸೋಪು, ಗೋಡೆಗೆ ತಗ್ಗಿನಲ್ಲೊಂದು ಮೊಳೆ, ಅದರಲ್ಲಿ ಮಗುವಿನದೇ ಟವೆಲ್. ಇಷ್ಟಿದ್ದರೆ ಮೂರು ವರ್ಷದ ಮಗು ನಿಮ್ಮ ಕಣ್ಣೆದುರು ತಾನೇ ಕೈ ತೊಳೆಯುತ್ತದೆ. ಇಪ್ಪತ್ತರವರೆಗೆ ಎಣಿಸುತ್ತಾ ಉಜ್ಜುವುದನ್ನು ಕಲಿಸಿ.

ದಸ್ತರ್‌ಖ್ವಾನ್ ನೆಲದ ಮೇಲೆ ಹಾಸುತ್ತೇವೆ, ಮಗುವೂ ನೆಲದ ಮೇಲೆಯೇ ಇರುತ್ತದೆ. ಬಿಸಿ ಸಾರು, ಚಹಾದ ಪಾತ್ರೆಯನ್ನು ಅದರ ಮೇಲಿಟ್ಟು ಯಾರೂ ಎದ್ದು ಹೋಗಬಾರದು. ಮಗು ಬಟ್ಟೆಯನ್ನೆಳೆದರೆ ಪಾತ್ರೆ ಅದರ ಮೈಮೇಲೆ. ಬಿಸಿಯದನ್ನು ಒಲೆಯ ಬಳಿಯೇ ಬಡಿಸಿ ತನ್ನಿ. ಸುಟ್ಟರೆ ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ತುಪ್ಪ, ಕಾಫಿಪುಡಿ ಬೇಡ.

ಬೀರು, ಟಿವಿ ಸ್ಟ್ಯಾಂಡ್‌ಗಳನ್ನು ಕಬ್ಬಿಣದ ಕೊಂಡಿಯಿಂದ ಗೋಡೆಗೆ ಬಿಗಿಸಿ. ಔಷಧಗಳನ್ನು ಎತ್ತರದಲ್ಲಿ, ಬೀಗದೊಳಗಿಡಿ. ನಮ್ಮ ಮಾಜೂನು, ಶರಬತ್ತುಗಳು ಸಿಹಿಯಾದ್ದರಿಂದ ಅವಕ್ಕೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಸೀರೆಯ ಜೋಲಿ ಬಳಸುವವರು ಮಗು ಎದ್ದ ಕೂಡಲೇ ಅದನ್ನು ಮೇಲಕ್ಕೆ ಗಂಟು ಹಾಕಿ. ದೊಡ್ಡ ಮಕ್ಕಳು ಅದರಲ್ಲಿ ತಿರುಗುತ್ತಾ ಆಡುವಾಗ ಕುತ್ತಿಗೆಗೆ ಸುತ್ತಿಕೊಳ್ಳುವ ಅಪಾಯವಿದೆ. ಮಗುವಿನ ಕುತ್ತಿಗೆಗೆ ದಾರವಾಗಲಿ, ಸರವಾಗಲಿ ಯಾವುದೂ ಬೇಡ, ಮಲಗುವಾಗಲಂತೂ ಖಂಡಿತ ಬೇಡ.

'ನಾವೆಲ್ಲ ಹೀಗೆಯೇ ಬೆಳೆದೆವಲ್ಲ, ನಮಗೇನಾಯಿತು?' ಎಂದು ಹಿರಿಯರು ಕೇಳುವುದುಂಟು. ಆ ಪ್ರಶ್ನೆ ಕೇಳುತ್ತಿರುವವರು ಉಳಿದವರು, ಉಳಿಯದವರು ಬಂದು ಉತ್ತರ ಹೇಳಲಾರರು. ಖರ್ಚಿನ ಮಾತೂ ಬರುತ್ತದೆ. ಮೇಲೆ ಹೇಳಿದವುಗಳಲ್ಲಿ ಬಹುಪಾಲು ವಾಕರ್‌ಗಿಂತ ಅಗ್ಗ. ಕೆಲವಕ್ಕೆ ಹಣವೇ ಬೇಡ. ಜಮಖಾನ ದುಬಾರಿ ಎನಿಸಿದರೆ ನಾಲ್ವರು ಸೇರಿ ಒಂದನ್ನು ಕೊಡಿ. ಮಗು ದೊಡ್ಡದಾದ ಮೇಲೂ ಅದು ಮನೆಯಲ್ಲಿ ಉಳಿಯುತ್ತದೆ.

ಇವತ್ತೇ ಒಂದು ಕೆಲಸ ಮಾಡಿ. ನಿಮ್ಮ ಮನೆಯ ನೆಲದ ಮೇಲೆ ಕುಳಿತು, ಮೊಣಕಾಲೂರಿ ಕೋಣೆಯಿಂದ ಕೋಣೆಗೆ ಹೋಗಿ. ಆ ಎತ್ತರದಿಂದ ಕೈಗೆ ಸಿಗುವ ವೈರು, ಜೋತುಬಿದ್ದ ಬಟ್ಟೆ, ಬಿದ್ದ ನಾಣ್ಯ, ತೆರೆದ ಕಪಾಟು ಎಲ್ಲ ಕಾಣುತ್ತದೆ. ಕಂಡದ್ದನ್ನು ಆಗಲೇ ತೆಗೆದಿಡಿ.