ಮೂರನೆಯ ವರುಷವನ್ನು ಕೈಬಿಡದಿರೋಣ

ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾದೊಡನೆ ಹಾರಂಗಿಯ ಸುತ್ತಲಿನ ಮನೆಗಳಲ್ಲಿ ಏಳುವ ಪ್ರಶ್ನೆ, ‘ಪದವಿಗೆ ಇನ್ನೆಷ್ಟು ವರುಷ?’ ಎಂಬುದು. ತೋಟದ ಕೂಲಿಯನ್ನೋ ತುಂಡು ಗದ್ದೆಯನ್ನೋ ನಂಬಿದ ಪಾಲಕರು ಹೀಗೆ ಕೇಳುವುದು ಸಹಜವೇ. ಕುಶಾಲನಗರಕ್ಕೋ ಮಡಿಕೇರಿಗೋ ಹೋಗಿ ಬಿ.ಬಿ.ಎ. ಓದಬಯಸುವ ಮಕ್ಕಳ ಮನೆಯವರಿಗೆ ಈಚಿನ ವರುಷಗಳಲ್ಲಿ ಇದಕ್ಕೆ ದೊರೆತ ಉತ್ತರಗಳು ಹಲವು.

ಹಿಂದೆ ಬಿ.ಬಿ.ಎಂ. ಎನಿಸಿಕೊಂಡಿದ್ದ ಈ ವ್ಯವಹಾರ ನಿರ್ವಹಣೆಯ ಪದವಿಗೆ ಮೂರು ವರುಷ, ಆರು ಸೆಮಿಸ್ಟರುಗಳ ಓದು ಬೇಕಿತ್ತು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಜಾರಿಯಾದಾಗ ನಾಲ್ಕನೆಯ ಆನರ್ಸ್ ವರುಷವೂ ಸೇರಿಕೊಂಡಿತು. 2024ರ ಮೇ ತಿಂಗಳಲ್ಲಿ, ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯನ್ನು ಆಧರಿಸಿ, ಸರಕಾರ ಮರಳಿ ಮೂರು ವರುಷಕ್ಕೆ ಬಂದಿತು. ಎಂ.ಬಿ.ಎ. ಬೇಕೆನ್ನುವವರಿಗೆ ಇನ್ನೆರಡು ವರುಷ, ಒಟ್ಟು ಐದು.

ಈ ಗೊಂದಲದ ನಡುವೆ ‘ಒಂದೇ ವರುಷದಲ್ಲಿ ಪದವಿ’ ಎಂದು ಆಸೆ ಹುಟ್ಟಿಸುವವರ ಬಗ್ಗೆ ಪಾಲಕರು ಎಚ್ಚರದಿಂದಿರಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗ 2024ರ ಕೊನೆಯಲ್ಲಿ ಒಪ್ಪಿದ ತ್ವರಿತ ವ್ಯವಸ್ಥೆಯಲ್ಲಿಯೂ ಮೂರು ವರುಷದ ಪದವಿಗೆ ಐದು ಸೆಮಿಸ್ಟರುಗಳಾದರೂ ಬೇಕು. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ಮೂಲಕ ಮನೆಯಲ್ಲಿದ್ದೇ ಓದುವವರಿಗೂ ಅವಧಿ ಕನಿಷ್ಠ ಮೂರು ವರುಷ. ದುಡಿಯುತ್ತ ನಿಧಾನವಾಗಿ ಓದಿ ಆರು ವರುಷದೊಳಗೆ ಮುಗಿಸಲೂ ಅಲ್ಲಿ ಅವಕಾಶವಿದೆ. ಬೇಗ ಮುಗಿಸುವ ಅಡ್ಡದಾರಿಗಿಂತ ಈ ನಿಧಾನದ ದಾರಿಯೇ ಲೇಸು.

ಆದರೆ ನಮ್ಮನ್ನು ಹೆಚ್ಚು ಕಾಡುವ ಚಿಂತೆ ಬೇರೆ. ಎರಡು ವರುಷ ಓದಿ, ಶುಲ್ಕ ಹೊಂದಿಸಲಾಗದೆಯೋ, ಉಳಿದ ಒಂದೆರಡು ವಿಷಯಗಳಿಗೆ ಅಂಜಿಯೋ ಕಾಲೇಜು ಬಿಡುವ ಮಕ್ಕಳಿದ್ದಾರೆ. ಹೆಣ್ಣುಮಕ್ಕಳ ಓದು ನಿಲ್ಲಲು ಒಳ್ಳೆಯ ಸಂಬಂಧ ಬಂದಿತೆಂಬ ಕಾರಣವೇ ಸಾಕಾಗುತ್ತದೆ. ಬ್ಯಾಂಕ್ ಅಧಿಕಾರಿಯ ಹುದ್ದೆಗೆ ಅರ್ಜಿ ಹಾಕುವವರಿಂದ ಕೇಳುವುದು ಪದವಿಯನ್ನು, ಎಂ.ಬಿ.ಎ. ಪ್ರವೇಶಕ್ಕೂ ಅದೇ ನಿಯಮ. ನಾಲ್ಕು ಸೆಮಿಸ್ಟರುಗಳ ಅಂಕಪಟ್ಟಿಯನ್ನು ಅಲ್ಲಿ ಯಾರೂ ಪದವಿಯೆಂದು ಒಪ್ಪುವುದಿಲ್ಲ. ಎರಡು ವರುಷ ಮನೆಮಂದಿ ಹೊಟ್ಟೆ ಬಟ್ಟೆ ಕಟ್ಟಿ ತೆತ್ತ ಹಣವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುತ್ತದೆ.

ಆದುದರಿಂದ ಸೇರಿಸುವ ದಿನವೇ ಮೂರೂ ವರುಷಗಳ ಲೆಕ್ಕ ಹಾಕುವುದು ಜಾಣತನ. ಶುಲ್ಕದ ಜೊತೆಗೆ ಬಸ್ಸು, ಪುಸ್ತಕ, ಪರೀಕ್ಷೆಯ ವೆಚ್ಚವೂ ಅದರಲ್ಲಿರಲಿ. ವಿದ್ಯಾರ್ಥಿವೇತನದ ಅರ್ಜಿಯನ್ನು ಪ್ರತಿ ವರುಷವೂ ನೆನಪಿನಿಂದ ಸಲ್ಲಿಸಲಿ. ನಮ್ಮ ಸಂಘಗಳಿಗೂ ಒಂದು ಬಿನ್ನಹ: ಅಂಕ ಗಳಿಸಿದವರಿಗೆ ಶಾಲು ಹೊದಿಸಿ ಸನ್ಮಾನಿಸುವುದು ನಡೆಯಲಿ. ಅದಕ್ಕೆ ಮೊದಲು, ಅಂತಿಮ ವರುಷದ ಶುಲ್ಕಕ್ಕಾಗಿ ಪರದಾಡುತ್ತಿರುವವರು ಯಾರೆಂದು ಮನೆಮನೆಗೆ ಹೋಗಿ ವಿಚಾರಿಸಲಿ. ಒಬ್ಬ ವಿದ್ಯಾರ್ಥಿನಿಯ ಆರನೆಯ ಸೆಮಿಸ್ಟರಿನ ಶುಲ್ಕ ಭರಿಸಿದರೆ ಆಕೆಯ ಹಿಂದಿನ ಐದು ಸೆಮಿಸ್ಟರುಗಳೂ ಉಳಿದಂತೆ.