ಸಂದುನೋವೂ ಡಬ್ಬಿಯ ಪುಡಿಯೂ



ಮುಂಗಾರಿನ ಸದೆ ತೆಗೆಯುವ ಕೆಲಸ ಮುಗಿಯುತ್ತ ಬಂದಂತೆ ನಮ್ಮ ರಾಯಿಕೋಡ್ ಸೀಮೆಯಲ್ಲಿ ಮೊಳಕಾಲು ಹಿಡಿದುಕೊಂಡು ಏಳುವವರು ಹೆಚ್ಚುತ್ತಾರೆ. ದಿನವಿಡೀ ಕುಕ್ಕುರುಗಾಲಿನಲ್ಲಿ ಕೂತು ಖುರ್ಪಿ ಆಡಿಸುವ ಹೆಣ್ಣುಮಕ್ಕಳಿಗೇ ಈ ಬಾಧೆ ಅಧಿಕ. ಇದನ್ನು ಬಲ್ಲ ಮಾರಾಟಗಾರರು ಸಂತೆಗೂ ಮನೆಬಾಗಿಲಿಗೂ ಪೂರಕ ಗುಳಿಗೆ, ಪುಡಿಗಳ ಡಬ್ಬಿ ತರುತ್ತಾರೆ. ಒಂದು ಡಬ್ಬಿಗೆ ಹಲವು ದಿನಗಳ ಕೂಲಿ ಹೋಗುತ್ತದೆ. ಆ ಹಣ ಸಾರ್ಥಕವೋ ಅಲ್ಲವೋ ಎಂಬುದನ್ನು ವಿಚಾರಿಸುವುದು ಅವಶ್ಯ.

ಮೊದಲು ತಿಳಿಯತಕ್ಕ ಸಂಗತಿಯೆಂದರೆ, ಸಂದುನೋವಿಗೆ ಕಾರಣ ಒಂದೇ ಇರುವುದಿಲ್ಲ. ವಯಸ್ಸು ಮತ್ತು ದುಡಿಮೆಯಿಂದ ಕೀಲು ಸವೆದು ಬರುವ ನೋವು ಒಂದು ಬಗೆ. ಎರಡೂ ಕೈಗಳ ಬೆರಳ ಗೆಣ್ಣುಗಳು ಬಾತು, ಬೆಳಿಗ್ಗೆ ತಾಸುಗಟ್ಟಲೆ ಬಿಗಿದಿರುವುದು ಬೇರೊಂದು ಬಗೆ. ಯೂರಿಕ್ ಆಮ್ಲದಿಂದ ಕಾಲ್ಬೆರಳು ಕೆಂಪೇರುವುದೂ ಉಂಟು. ನಮ್ಮ ರಾಜ್ಯದ ನಲಗೊಂಡ ಸೀಮೆಯಲ್ಲಿ ಬಾವಿನೀರಿನ ಫ್ಲೋರೈಡಿನಿಂದ ಎಲುಬು, ಸಂದುಗಳು ಸೆಟೆದುಹೋದ ಕಥೆ ಎಲ್ಲರಿಗೂ ಗೊತ್ತು. ಕಾರಣ ಅರಿಯದೆ ಗುಳಿಗೆ ನುಂಗುವುದೆಂದರೆ ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಚೆಲ್ಲಿದಂತೆಯೇ ಸರಿ.

ಈ ಡಬ್ಬಿಗಳಲ್ಲಿ ಹೆಚ್ಚಾಗಿ ಕಾಣುವ ಹೆಸರು ಗ್ಲೂಕೋಸಮೈನ್. ಇದನ್ನು ಬಹುಮಟ್ಟಿಗೆ ಸೀಗಡಿ, ಏಡಿಗಳ ಚಿಪ್ಪಿನಿಂದ ತೆಗೆಯುತ್ತಾರೆಂಬುದನ್ನು ಶಾಕಾಹಾರಿಗಳು ಗಮನಿಸಬೇಕು. ಮೊಳಕಾಲು ಸವೆದ 1583 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದ ದೊಡ್ಡ ಪರೀಕ್ಷೆಯ ಫಲ 2006ರಲ್ಲಿ ಪ್ರಕಟವಾಯಿತು. 24 ವಾರಗಳ ಬಳಿಕ, ಏನೂ ಸತ್ವವಿಲ್ಲದ ಹುಸಿ ಗುಳಿಗೆ ನುಂಗಿದವರಲ್ಲಿಯೂ ನೂರಕ್ಕೆ 60 ಮಂದಿಗೆ ನೋವು ಐದರಲ್ಲೊಂದು ಪಾಲಾದರೂ ಇಳಿದಿತ್ತು. ಗ್ಲೂಕೋಸಮೈನ್ ತೆಗೆದುಕೊಂಡವರಲ್ಲಿ 64 ಮಂದಿಗೆ ಇಳಿದಿತ್ತು. ಈ ಅಂತರ ಲೆಕ್ಕಕ್ಕೆ ಹಿಡಿಯುವಂಥದಲ್ಲವೆಂದು ಪರೀಕ್ಷಕರು ಹೇಳಿದರು. ನೋವು ಹೆಚ್ಚಿದ್ದ ಚಿಕ್ಕದೊಂದು ಗುಂಪಿಗೆ ಗ್ಲೂಕೋಸಮೈನ್, ಕಾಂಡ್ರಾಯ್ಟಿನ್ ಎರಡನ್ನೂ ಕೂಡಿಸಿ ಕೊಟ್ಟಾಗ ಗುಣ ಕಂಡಿತ್ತಾದರೂ, 2010ರಲ್ಲಿ ಪ್ರಕಟವಾದ ಎರಡು ವರ್ಷಗಳ ಮುಂದುವರಿದ ಪರೀಕ್ಷೆಯಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ.

"ನಮ್ಮ ಪಕ್ಕದ ಮನೆಯವರಿಗೆ ಗುಣವಾಯಿತಲ್ಲ" ಎಂಬವರಿಗೆ ಉತ್ತರ ಇಲ್ಲಿಯೇ ಇದೆ. ಈ ನೋವು ಏರುತ್ತ ಇಳಿಯುತ್ತ ಇರುವಂಥದು. ಹೊಲದ ಕೆಲಸ ಕಡಿಮೆಯಾದಾಗ ತಾನೇ ತಗ್ಗುತ್ತದೆ. ಹೆಸರು ಡಬ್ಬಿಗೆ ಬರುತ್ತದೆ.

ವಿಟಮಿನ್ ಡಿ ಕೊಟ್ಟು ಎರಡು ವರ್ಷ ನೋಡಿದ 2013ರ ಪರೀಕ್ಷೆಯಲ್ಲಿಯೂ ಸವೆದ ಮೊಳಕಾಲಿನ ನೋವು ತಗ್ಗಲಿಲ್ಲ. ಆದರೆ ಆ ವಿಟಮಿನ್ ತೀರ ಕಡಿಮೆಯಾಗಿ ಎಲುಬೇ ಮೆತ್ತಗಾಗಿ ನೋಯುವವರಿಗೆ ಅದು ನಿಜವಾದ ಮದ್ದು. ಇದನ್ನು ರಕ್ತಪರೀಕ್ಷೆಯಿಂದ ವೈದ್ಯರು ನಿರ್ಧರಿಸಬೇಕು. ಜಹೀರಾಬಾದ್ ಸೀಮೆಯ ಶುಂಠಿ, ಅರಿಶಿನಗಳ ಸತ್ವದಿಂದ ಮೊಳಕಾಲು ನೋವು ಸ್ವಲ್ಪ ಇಳಿದುದನ್ನು ಕೆಲವು ಚಿಕ್ಕ ಪರೀಕ್ಷೆಗಳು ತೋರಿಸಿವೆ. ಅಡಿಗೆಯಲ್ಲಿ ಅವನ್ನು ಬಳಸಲು ಅಡ್ಡಿಯಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಅವುಗಳ ಗುಳಿಗೆಗಳನ್ನು ವೈದ್ಯರನ್ನು ಕೇಳದೆ ನುಂಗಬಾರದು. ರಾಗಿಯ 100 ಗ್ರಾಮಿನಲ್ಲಿ ಸುಮಾರು 364 ಮಿಲಿಗ್ರಾಮ್ ಸುಣ್ಣಾಂಶವಿದೆ, ಎಳ್ಳಿನಲ್ಲಿ ಅದಕ್ಕಿಂತ ಹೆಚ್ಚು. ಇವು ಎಲುಬಿಗೆ ಒಳ್ಳೆಯ ಆಹಾರ, ಆದರೆ ಸವೆದ ಕೀಲನ್ನು ಮತ್ತೆ ಬೆಳೆಸಲಾರವು.

ಎರಡು ದಿನದಲ್ಲಿ ನೋವು ಮಾಯವಾದರೆ ಹಿಗ್ಗುವ ಬದಲು ಸಂಶಯಪಡುವುದು ಲೇಸು. 2022ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆಯು ಆರ್ಟ್ರಿ ಕಿಂಗ್ ಎಂಬ ಪೂರಕದಲ್ಲಿ ಡೈಕ್ಲೋಫೆನಾಕ್ ಹಾಗೂ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಗುಟ್ಟಾಗಿ ಸೇರಿದ್ದುದನ್ನು ಕಂಡುಹಿಡಿದು ಎಚ್ಚರಿಸಿತು. ಅಂಥವು ಸಕ್ಕರೆ ಕಾಯಿಲೆ ಏರಿಸುತ್ತವೆ, ಎಲುಬು ಟೊಳ್ಳಾಗಿಸುತ್ತವೆ. ಬಹುದಿನ ತಿಂದವರು ಥಟ್ಟನೆ ಬಿಟ್ಟರೂ ಅಪಾಯ. ಡಬ್ಬಿಯೊಡನೆಯೇ ದವಾಖಾನೆಗೆ ಹೋಗತಕ್ಕದ್ದು.

ಹಾಗಾದರೆ ಮಾಡುವುದೇನು? ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮದಿಂದ ಗುಣವುಂಟೆಂಬುದು ಸಿದ್ಧವಾಗಿದೆ. ಕುರ್ಚಿಯ ಮೇಲೆ ಕೂತು ಒಂದೊಂದೇ ಕಾಲನ್ನು ನೆಟ್ಟಗೆ ಚಾಚಿ ಹಿಡಿಯುವುದು ಸುಲಭವಾದ ಕ್ರಮ. ಮೈಭಾರ ಹೆಚ್ಚಿದ್ದವರು ಒಂದು ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಗೂ ಮೊಳಕಾಲಿನ ಮೇಲಿನ ಭಾರ ನಾಲ್ಕು ಕಿಲೋದಷ್ಟು ತಗ್ಗುತ್ತದೆ. ಗೆಣ್ಣುಗಳು ಬಾತವರು ತಡಮಾಡಬಾರದು. ಆ ರೋಗಕ್ಕೆ ಬೇಗನೆ ಔಷಧ ಆರಂಭಿಸಿದರೆ ಬೆರಳು ಸೊಟ್ಟಗಾಗುವುದನ್ನು ತಡೆಯಬಹುದು.

ನಮ್ಮ ಸಲಹೆ ಎರಡು. ಸಂಧಿವಾತವನ್ನು ವಾಸಿಮಾಡುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಕಾನೂನೇ ನಿಷೇಧಿಸಿದೆ. ಪೂರಕಗಳ ಡಬ್ಬಿಯ ಮೇಲೆ "ಔಷಧವಾಗಿ ಬಳಸಲು ಅಲ್ಲ" ಎಂದು ಅಚ್ಚುಹಾಕಬೇಕೆಂಬ ನಿಯಮವೂ ಇದೆ. ಆದರೆ ಅದು ಇಂಗ್ಲಿಷಿನಲ್ಲಿರುತ್ತದೆ; ಕನ್ನಡ ತೆಲುಗುಗಳಲ್ಲಿ ಬಾಳುವ ನಮ್ಮವರಿಗೆ ತಿಳಿಯುವುದಿಲ್ಲ. ಹಣ ಕೊಡುವ ಮೊದಲು ಶಾಲೆಗೆ ಹೋಗುವ ಮಕ್ಕಳಿಂದ ಆ ಸಾಲನ್ನು ಓದಿಸಿ ಕೇಳಿರಿ. ಎರಡನೆಯದಾಗಿ, ನಾಲ್ಕು ಮನೆಯವರು ಡಬ್ಬಿಗೆ ಸುರಿಯುವ ಹಣವನ್ನು ಕೂಡಿಸಿ, ನಿಂತೇ ಸದೆ ತೆಗೆಯಬಹುದಾದ ಉದ್ದ ಹಿಡಿಯ ಚಕ್ರದ ಎಡೆಕುಂಟೆಯೊಂದನ್ನು ಕೊಳ್ಳಿರಿ. ನಮ್ಮ ಹೆಣ್ಣುಮಕ್ಕಳ ಮೊಳಕಾಲಿಗೆ ಅದಕ್ಕಿಂತ ಒಳ್ಳೆಯ ಪೂರಕ ಸಂತೆಯಲ್ಲಿ ಸಿಗದು.